ರಕ್ತದ ಗಣಿತ ಆಸ್ಪತ್ರೆಯ ಬಾಗಿಲು ತಟ್ಟಲಿ

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿಗಳು ಬರತೊಡಗಿದಾಗ, ನೆರೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿಯೂ ಅದೇ ಮಾತಾಯಿತು. ಎದೆಯಲ್ಲಿ ವಾಯು ಹಿಡಿದವರೂ ಬಸ್ಸು ಹತ್ತಿ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗಳ ಮುಂದೆ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಯು ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲವೆಂದು ವರದಿ ನೀಡಿದ ಮೇಲೆ ಆತಂಕ ತಗ್ಗಿತು. ಆದರೆ ತಪಾಸಣೆಗೆಂದು ಹೋದ ನಮ್ಮ ಕಡೆಯ ಹಲವರು ಊರಿಗೆ ಮರಳುವಾಗ ಕೈಯಲ್ಲಿ ಒಂದು ಸಂಖ್ಯೆಯನ್ನು ಹಿಡಿದು ಬಂದರು. ಇಷ್ಟು ಶೇಕಡ ‘ಬ್ಲಾಕ್’ ಎಂಬ ಸಂಖ್ಯೆ.

ಅವರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ತೋಟ ಮಾಡಿಕೊಂಡಿರುವ ನನ್ನ ದೊಡ್ಡಪ್ಪನ ಮಗನೂ ಒಬ್ಬರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಶೇ 70 ಎಂದರು, ತಡಮಾಡದೆ ಸ್ಟೆಂಟ್ ಹಾಕಿಸಿಕೊಳ್ಳುವಂತೆ ಸೂಚಿಸಿದರು. ಅದೇ ಸಿ.ಡಿ.ಯನ್ನು ಇನ್ನೊಂದು ಆಸ್ಪತ್ರೆಯ ವೈದ್ಯರಿಗೆ ತೋರಿಸಿದಾಗ ಅವರು ಶೇ 50 ಎಂದರು, ಮಾತ್ರೆ ಸಾಕೆಂದರು. ಮನೆಗೆ ಬಂದ ಅಣ್ಣ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಪ್ಪಾ, ಇವರು ಹೇಳೋದು ಅಳೆದಿದ್ದೋ, ಅಂದಾಜೋ?” ಹಣಕಾಸಿನ ಕಡತಗಳ ನಡುವೆ ಮೂರು ದಶಕಗಳನ್ನು ಕಳೆದ ನನಗೆ, ಯಾವುದೇ ಅಂಕಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ಗೊತ್ತು. ಅಣ್ಣ ಸದ್ಯ ಮಾತ್ರೆಯ ಮೇಲಿದ್ದಾರೆ, ಪ್ರಶ್ನೆ ನನ್ನ ಬಳಿ ಉಳಿದುಕೊಂಡಿದೆ.

ಪ್ರಾಮಾಣಿಕ ಉತ್ತರವೆಂದರೆ, ಬಹುಮಟ್ಟಿಗೆ ಅದು ಅಂದಾಜು. ಆಂಜಿಯೋಗ್ರಾಂ ಎಂಬುದು ಧಮನಿಯ ನೆರಳುಚಿತ್ರ. ನುರಿತ ಕಣ್ಣು ಅದನ್ನು ನೋಡಿ ಎಷ್ಟು ಕಿರಿದಾಗಿದೆ ಎಂದು ಹೇಳುತ್ತದೆ. ಅಟ್ಟದ ಮೇಲಿನ ಕಾಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೇ ಇಲ್ಲವೇ ಎಂದು ಹೇಳುವ ನಮ್ಮ ಹಿರಿಯರ ಕಿವಿಯಷ್ಟೇ ಅದು ನುರಿತದ್ದಿರಬಹುದು. ಆದರೂ ತೂಕವಾಗುವುದು ಒಡೆದ ಮೇಲೆಯೇ. ಸಾಲದ್ದಕ್ಕೆ ಶೇಕಡ ಎಂಬ ಮಾತಿನಲ್ಲಿಯೂ ಒಂದು ತೊಡಕಿದೆ. ವ್ಯಾಸದಲ್ಲಿ ಶೇ 50ರಷ್ಟು ಕಿರಿದಾದ ಕೊಳವೆಯ ರಂಧ್ರ ವಿಸ್ತೀರ್ಣದಲ್ಲಿ ಶೇ 75ರಷ್ಟು ಕಿರಿದಾಗಿರುತ್ತದೆ. ಒಂದೇ ಅಡಚಣೆಗೆ ಎರಡು ಸಂಖ್ಯೆ, ಎರಡೂ ಸರಿ. ರೋಗಿಗೆ ಯಾವುದನ್ನು ಹೇಳಿದರು, ಆತ ಯಾವುದನ್ನು ಕೇಳಿಸಿಕೊಂಡ ಎಂಬುದು ಬೇರೆಯೇ ಮಾತು.

ಅದಕ್ಕಿಂತ ಮುಖ್ಯವಾದದ್ದು, ಕಿರಿದಾಗಿರುವುದು ಬೇರೆ, ಅದರಿಂದ ಹೃದಯಕ್ಕೆ ರಕ್ತ ಸಾಲದಾಗುವುದು ಬೇರೆ. ಹೇಮಾವತಿ ನಾಲೆಯ ನೀರು ಬರುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಅಚ್ಚುಕಟ್ಟಿಗೆ ನೀರುಣಿಸುವ ಉಪನಾಲೆಯ ತಲೆಯಲ್ಲಿ ಹೂಳು ತುಂಬುವುದಕ್ಕೂ, ಒಬ್ಬನ ಹೊಲಗಾಲುವೆಯಲ್ಲಿ ಅಷ್ಟೇ ಹೂಳು ತುಂಬುವುದಕ್ಕೂ ಅಂತರವಿದೆ. ಹೂಳು ಒಂದು ಮಾರಿನಷ್ಟು ಉದ್ದಕ್ಕಿದೆಯೋ, ಒಂದು ಫರ್ಲಾಂಗಿನಷ್ಟಿದೆಯೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ, ಕೊರತೆ ತಿಳಿಯುವುದು ಎಲ್ಲರೂ ಒಮ್ಮೆಗೇ ನೀರು ಕೇಳಿದಾಗ. ಹೃದಯದ ಸ್ನಾಯು ಕರೋನರಿ ಧಮನಿಗಳ ಅಚ್ಚುಕಟ್ಟು. ಮೆಟ್ಟಿಲು ಹತ್ತುವಾಗ, ಕಾಯಿ ಮೂಟೆ ಎತ್ತುವಾಗ ಅದು ನೀರು ಕೇಳುತ್ತದೆ. ಆದ್ದರಿಂದ ಕಣ್ಣಂದಾಜಿನ ಶೇಕಡಾವಾರು ಅರ್ಧ ಉತ್ತರವಷ್ಟೇ. ಉಳಿದರ್ಧ ಹರಿವಿನ ಲೆಕ್ಕ. ಈ ಲೆಕ್ಕ ವೈದ್ಯಶಾಸ್ತ್ರದ್ದಲ್ಲ, ಗಣಿತದ್ದು.

ಆ ಗಣಿತದ ಮೊದಲ ಹೆಜ್ಜೆಯನ್ನು ಇಟ್ಟದ್ದು ಮಾತ್ರ ಒಬ್ಬ ವೈದ್ಯ. ಫ್ರಾನ್ಸಿನ ಪ್ವಾಸೈ 1840ರ ಸುಮಾರಿಗೆ ಕೂದಲೆಳೆಯಂತಹ ಗಾಜಿನ ನಳಿಕೆಗಳಲ್ಲಿ ನೀರು ಹಾಯಿಸಿ, ಶಾಂತವಾಗಿ ಹರಿಯುವ ದ್ರವದ ಪ್ರಮಾಣ ನಳಿಕೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸುತ್ತದೆ ಎಂದು ಕಂಡುಕೊಂಡ. ತ್ರಿಜ್ಯ ಅರ್ಧವಾದರೆ, ಅದೇ ಒತ್ತಡದಲ್ಲಿ ಹರಿವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆತನಿಗೆ ಬೇಕಾಗಿದ್ದುದು ರಕ್ತದ ನಿಯಮ. ಆದರೆ ದೇಹದಿಂದ ಹೊರಗೆ ತೆಗೆದ ರಕ್ತ ಹೆಪ್ಪುಗಟ್ಟುತ್ತಿದ್ದುದರಿಂದ ಪ್ರಯೋಗವೆಲ್ಲ ನೀರಿನ ಮೇಲೆಯೇ ನಡೆಯಿತು. ನೀರಿನ ನಿಯಮವನ್ನು ರಕ್ತಕ್ಕೆ ಎಷ್ಟರಮಟ್ಟಿಗೆ ಅನ್ವಯಿಸಬಹುದು ಎಂಬ ಪ್ರಶ್ನೆಗೆ ವಿಜ್ಞಾನಿಗಳು ಇಂದಿಗೂ ಉತ್ತರ ಬರೆಯುತ್ತಿದ್ದಾರೆ.

ನೀರು, ಎಣ್ಣೆ, ಜೋನಿ ಬೆಲ್ಲ ಇವು ನ್ಯೂಟನ್ ಹೇಳಿದ ನಿಯಮಕ್ಕೆ ಒಳಪಟ್ಟ ದ್ರವಗಳು. ಜೋನಿ ಬೆಲ್ಲ ಎಷ್ಟೇ ಮಂದವಾಗಿರಲಿ, ನಿಧಾನವಾಗಿ ಕದಡಿದರೂ ಜೋರಾಗಿ ಕದಡಿದರೂ ಅದರ ಸ್ನಿಗ್ಧತೆ ಒಂದೇ. ರಾಗಿ ಅಂಬಲಿಯ ಸ್ವಭಾವ ಹಾಗಲ್ಲ. ಸುಮ್ಮನೆ ಇಟ್ಟರೆ ಗಟ್ಟಿಯಾಗಿ ಕೂರುತ್ತದೆ, ಸೌಟಿನಿಂದ ಕದಡಿದರೆ ತೆಳ್ಳಗಾಗುತ್ತದೆ. ಇಡ್ಲಿ ಹಿಟ್ಟನ್ನು ಪಾತ್ರೆಯ ಅಂಚಿನಲ್ಲಿ ಬಾಗಿಸಿ ಹಿಡಿದರೂ ಒಂದು ಮಿತಿಯವರೆಗೆ ಕದಲುವುದೇ ಇಲ್ಲ. ಇಂತಹವು ನ್ಯೂಟನೇತರ ದ್ರವಗಳು, ರಕ್ತ ಈ ಪಂಗಡದ್ದು. ಅದರ ಗಾತ್ರದಲ್ಲಿ ಶೇ 40ರಿಂದ 45ರಷ್ಟು ಕೆಂಪು ಕಣಗಳೇ ಇರುತ್ತವೆ. ಹರಿವು ಮಂದವಾದಾಗ ಈ ಕಣಗಳು ನಾಣ್ಯಗಳನ್ನು ಪೇರಿಸಿದಂತೆ ಒಂದಕ್ಕೊಂದು ಅಂಟಿಕೊಂಡು ರಕ್ತವನ್ನು ಮಂದಗೊಳಿಸುತ್ತವೆ. ಹರಿವು ಬಿರುಸಾದಾಗ ಬಿಡಿಬಿಡಿಯಾಗಿ, ಹರಿವಿನ ದಿಕ್ಕಿಗೆ ಮೈ ನೀಡಿ, ಅದನ್ನು ತೆಳುಗೊಳಿಸುತ್ತವೆ. ಇನ್ನೂ ವಿಚಿತ್ರವೆಂದರೆ, ಸುಮಾರು 0.3 ಮಿಲಿಮೀಟರಿಗಿಂತ ಸಣ್ಣ ನಳಿಕೆಗಳಲ್ಲಿ ನಳಿಕೆ ಕಿರಿದಾದಂತೆ ರಕ್ತದ ತೋರಿಕೆಯ ಸ್ನಿಗ್ಧತೆ ಇಳಿಯುತ್ತದೆ. ಸ್ವೀಡನ್ನಿನ ಫಾರೇಯಸ್ ಮತ್ತು ಲಿಂಡ್‌ಕ್ವಿಸ್ಟ್ ಇದನ್ನು 1931ರಲ್ಲಿಯೇ ತೋರಿಸಿದ್ದರು. ರಕ್ತದ ಲೆಕ್ಕಕ್ಕೆ ಇಂದು ಹೆಚ್ಚಾಗಿ ಬಳಸುವ ಸಮೀಕರಣಗಳಲ್ಲಿ ಒಂದು ಕ್ಯಾಸನ್ ಎಂಬಾತನದು. 1959ರಲ್ಲಿ ಆತ ಅದನ್ನು ರೂಪಿಸಿದ್ದು ರಕ್ತಕ್ಕಾಗಿ ಅಲ್ಲ, ಎಣ್ಣೆಯಲ್ಲಿ ಬಣ್ಣದ ಪುಡಿ ಬೆರೆಸಿ ತಯಾರಿಸುವ ಮುದ್ರಣದ ಶಾಯಿಗಾಗಿ. ಈ ಪುಟ ಅಚ್ಚಾದ ಮಸಿಗೂ ಓದುಗರ ನಾಳದಲ್ಲಿ ಹರಿಯುವ ರಕ್ತಕ್ಕೂ ಒಂದೇ ಸೂತ್ರ ಒದಗಿಬಂದಿರುವುದು ನನಗಂತೂ ಸೋಜಿಗ.

ಈ ಶಾಸ್ತ್ರ ಕರ್ನಾಟಕಕ್ಕೆ ಅಪರಿಚಿತವಲ್ಲ ಎಂಬುದನ್ನು ಒತ್ತಿ ಹೇಳಬೇಕು. 1956ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅನ್ವಯಿಕ ಗಣಿತ ವಿಭಾಗವನ್ನು ಕಟ್ಟಿದ ಪ್ರೊ. ಪಿ.ಎಲ್. ಭಟ್ನಾಗರ್ ನ್ಯೂಟನೇತರ ದ್ರವಗಳ ಮೇಲೆ ಗಂಭೀರವಾಗಿ ಕೆಲಸ ಮಾಡಿದವರು. ಬೆಂಗಳೂರು ವಿಶ್ವವಿದ್ಯಾಲಯದ ಸೆಂಟ್ರಲ್ ಕಾಲೇಜಿನಲ್ಲಿ ಪ್ರೊ. ಎನ್. ರುದ್ರಯ್ಯ ದ್ರವ ಚಲನಶಾಸ್ತ್ರದ ಒಂದು ಪರಂಪರೆಯನ್ನೇ ಬೆಳೆಸಿದರು, ಮುಂದೆ ಗುಲ್ಬರ್ಗ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ದ್ರವ ಚಲನಶಾಸ್ತ್ರವನ್ನು ಬಲ್ಲ ಅಧ್ಯಾಪಕರು ಇಂದು ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ, ಜಿಲ್ಲಾ ಕೇಂದ್ರಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದ್ದಾರೆ. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ವಿಭಾಗವಿದೆ. ತಿಪಟೂರಿನಲ್ಲಿಯೇ ಕಲ್ಪತರು ತಾಂತ್ರಿಕ ಮಹಾವಿದ್ಯಾಲಯವಿದೆ.

ಆದರೆ ಇಷ್ಟು ವಿದ್ಯೆ ಎಲ್ಲಿ ಹೋಗಿ ನಿಲ್ಲುತ್ತಿದೆ? ನಿವೃತ್ತಿಯ ಬಿಡುವಿನಲ್ಲಿ, ದೇಶದ ಮಹಾಪ್ರಬಂಧಗಳ ಭಂಡಾರವಾದ ಶೋಧಗಂಗಾದಲ್ಲಿ ಸಂಗ್ರಹವಾಗಿರುವ ಈ ವಿಷಯದ ಕೆಲವು ಪ್ರಬಂಧಗಳನ್ನು, ಗಣಿತ ತಿಳಿದಷ್ಟರಮಟ್ಟಿಗೆ, ಓದಿ ನೋಡಿದೆ. ಅವುಗಳ ಹಿಂದಿನ ಪರಿಶ್ರಮವನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೂ ಅವುಗಳ ಜಾಡು ಬೇಗನೆ ತಿಳಿದುಬಿಡುತ್ತದೆ. ಧಮನಿಯನ್ನು ನೇರವಾದ, ಗಡುಸಾದ ಕೊಳವೆ ಎಂದು ಭಾವಿಸುವುದು. ಅಡಚಣೆಗೆ ಒಂದು ಅಂದವಾದ ಅಲೆಯ ಆಕಾರ ಕೊಡುವುದು. ಅಡಚಣೆ ಅಲ್ಪ ಎಂದು ಹಿಡಿದು ಸಮೀಕರಣವನ್ನು ಸರಳಗೊಳಿಸುವುದು. ಆಮೇಲೆ ಕ್ಯಾಸನ್ ದ್ರವವೋ ಇನ್ನೊಂದು ದ್ರವವೋ ಎಂದು ಆರಿಸಿ ಒಂದಷ್ಟು ರೇಖಾಚಿತ್ರಗಳನ್ನು ಬರೆಯುವುದು. ಮುಂದಿನ ಪ್ರಬಂಧ ಅದಕ್ಕೊಂದು ಕಾಂತಕ್ಷೇತ್ರವನ್ನು ಸೇರಿಸುತ್ತದೆ. ಅದರ ಮುಂದಿನದು ಸಚ್ಛಿದ್ರ ಗೋಡೆಯನ್ನು, ಇತ್ತೀಚಿನದು ನ್ಯಾನೊ ಕಣಗಳನ್ನು. ಅಡಚಣೆ ಹೆಚ್ಚಿದಂತೆ ಪ್ರತಿರೋಧ ಹೆಚ್ಚುತ್ತದೆ ಎಂಬುದು ಉಪಸಂಹಾರ. ಒಬ್ಬ ರೋಗಿಯ ಆಂಜಿಯೋಗ್ರಾಂ, ಒಬ್ಬ ರೋಗಿಯ ರಕ್ತದೊತ್ತಡ ನಾನು ನೋಡಿದ ಪ್ರಬಂಧಗಳ ಪುಟಗಳಲ್ಲಿ ಕಾಣಿಸಲಿಲ್ಲ.

ಅರ್ಥಶಾಸ್ತ್ರ ಓದಿದವನಿಗೆ ಈ ಕಾಯಿಲೆಯ ಪರಿಚಯವಿದೆ. ‘ಇತರ ಅಂಶಗಳು ಸ್ಥಿರವಾಗಿದ್ದರೆ’ ಎಂಬ ಒಂದು ವಾಕ್ಯದ ಆಶ್ರಯದಲ್ಲಿ ನಾವು ಎಷ್ಟೊಂದು ಸುಂದರ ಮಾದರಿಗಳನ್ನು ಕಟ್ಟಿದೆವು! ಸಂತೆಗೆ ಹೋಗಿ ಬೆಲೆ ಕೇಳಿದವರು ಕಡಿಮೆ. 2023ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಎಷ್ಟೋ ಕೆಳಕ್ಕೆ ಕುಸಿದು ರೈತರು ಬೀದಿಗಿಳಿದಾಗ, ಬೇಡಿಕೆ–ಪೂರೈಕೆಯ ಪಠ್ಯಪುಸ್ತಕದ ರೇಖೆ ಅವರಿಗೆ ಯಾವ ನೆರವಿಗೂ ಬರಲಿಲ್ಲ. ಗಣಿತ ಮಾದರಿಗೆ ಬೆಲೆ ಬರುವುದು ಅದು ತಪ್ಪಾಗಬಹುದಾದ ಜಾಗಕ್ಕೆ ಅದನ್ನು ಕೊಂಡೊಯ್ದಾಗ ಮಾತ್ರ.

ರಕ್ತದ ಹರಿವಿನ ಮಾದರಿಗಳನ್ನು ಹಾಗೆ ಕೊಂಡೊಯ್ದವರಿದ್ದಾರೆ. 1990ರ ದಶಕದಲ್ಲಿ ನೆದರ್ಲೆಂಡ್ಸಿನ ನಿಕೊ ಪೈಲ್ಸ್, ಬೆಲ್ಜಿಯಮ್ಮಿನ ಬರ್ನಾರ್ಡ್ ಡಿ ಬ್ರೂನ ಮೊದಲಾದ ವೈದ್ಯರು ಒಂದು ಸರಳ ಅಳತೆಯನ್ನು ಬಳಕೆಗೆ ತಂದರು. ತುದಿಯಲ್ಲಿ ಒತ್ತಡಮಾಪಕವಿರುವ ತೆಳು ತಂತಿಯನ್ನು ಧಮನಿಯೊಳಗೆ ತೂರಿಸಿ, ಔಷಧದಿಂದ ಹರಿವನ್ನು ಗರಿಷ್ಠಗೊಳಿಸಿ, ಅಡಚಣೆಯ ಆಚೆಗಿನ ಒತ್ತಡವನ್ನು ಈಚೆಗಿನ ಒತ್ತಡದಿಂದ ಭಾಗಿಸುವುದು. ಭಾಗಲಬ್ಧ 0.80 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಡಚಣೆ ನಿಜಕ್ಕೂ ರಕ್ತವನ್ನು ತಡೆಯುತ್ತಿದೆ ಎಂದರ್ಥ. ಎಫ್‌ಎಫ್‌ಆರ್ ಎಂದು ಕರೆಯುವ ಈ ಅಳತೆಯನ್ನು ಪರೀಕ್ಷಿಸಿದ ‘ಫೇಮ್’ ಅಧ್ಯಯನ 2009ರಲ್ಲಿ ಪ್ರಕಟವಾಯಿತು. 1,005 ರೋಗಿಗಳಲ್ಲಿ ಕಣ್ಣಂದಾಜಿನಿಂದ ಚಿಕಿತ್ಸೆ ಪಡೆದವರಿಗೆ ಸರಾಸರಿ 2.7 ಸ್ಟೆಂಟ್ ಬಿದ್ದರೆ, ಅಳತೆಯಿಂದ ಚಿಕಿತ್ಸೆ ಪಡೆದವರಿಗೆ 1.9. ಒಂದು ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಮರುಚಿಕಿತ್ಸೆಗೆ ಒಳಗಾದವರು ಮೊದಲ ಗುಂಪಿನಲ್ಲಿ ಶೇ 18.3, ಎರಡನೆಯದರಲ್ಲಿ ಶೇ 13.2. ಅಂದರೆ ಕಡಿಮೆ ಸ್ಟೆಂಟ್, ಹೆಚ್ಚು ಕ್ಷೇಮ. ಅದೇ ಅಧ್ಯಯನದ ಮುಂದಿನ ವಿಶ್ಲೇಷಣೆ ನಮ್ಮ ಅಣ್ಣನಂತಹವರಿಗೆ ನೇರವಾಗಿ ಸಂಬಂಧಿಸಿದ್ದು. ಕಣ್ಣಿಗೆ ಶೇ 50ರಿಂದ 70ರಷ್ಟು ಎಂದು ಕಂಡ ಅಡಚಣೆಗಳಲ್ಲಿ ನಿಜಕ್ಕೂ ರಕ್ತವನ್ನು ತಡೆಯುತ್ತಿದ್ದವು ನೂರಕ್ಕೆ 35 ಮಾತ್ರ.

ತಂತಿಯನ್ನೂ ತೂರಿಸದೆ ಈ ಸಂಖ್ಯೆಯನ್ನು ಪಡೆಯಬಹುದೇ? ಇಲ್ಲಿಯೇ ಗಣಿತ ಪ್ರವೇಶಿಸುತ್ತದೆ. ಸಿ.ಟಿ. ಸ್ಕ್ಯಾನಿನಿಂದ ರೋಗಿಯ ಧಮನಿಗಳ ನಿಖರ ಆಕಾರವನ್ನು ತೆಗೆದುಕೊಂಡು, ಹೃದಯ ಸ್ನಾಯುವಿನ ತೂಕದಿಂದ ಅದಕ್ಕೆ ಬೇಕಾದ ರಕ್ತವನ್ನು ಅಂದಾಜಿಸಿ, ಹರಿವಿನ ಸಮೀಕರಣಗಳನ್ನು ಗಣಕಯಂತ್ರದಲ್ಲಿ ಬಿಡಿಸುವ ವಿಧಾನಕ್ಕೆ ಅಮೆರಿಕದ ಎಫ್‌ಡಿಎ 2014ರಲ್ಲಿ ಅನುಮತಿ ನೀಡಿತು. ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಅದನ್ನು ಶಿಫಾರಸು ಮಾಡಿತು. ನಮ್ಮ ಗಣಿತಜ್ಞರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಈ ವಿಧಾನ ದೊಡ್ಡ ಕರೋನರಿ ಧಮನಿಗಳ ರಕ್ತವನ್ನು ನೀರಿನಂತೆ ನ್ಯೂಟನೀಯ ದ್ರವವೆಂದೇ ಹಿಡಿಯುತ್ತದೆ. ಬಿರುಸಾಗಿ ಹರಿಯುವ ಕಡೆ ಅದು ಒಪ್ಪತಕ್ಕ ಊಹೆಯೇ. ಅಂದರೆ ರೋಗಿಗೆ ಉಪಯೋಗವಾದದ್ದು ಹೊಸ ಹೊಸ ದ್ರವಗಳ ಕಲ್ಪನೆಯಿಂದಲ್ಲ. ನಿಜವಾದ ಆಕಾರ, ನಿಜವಾದ ಬೇಡಿಕೆ, ನಿಜವಾದ ಅಳತೆಯೊಡನೆ ಹೋಲಿಕೆ, ಇವುಗಳಿಂದ.

ಹಾಗೆಂದು ನ್ಯೂಟನೇತರ ಗುಣ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅಡಚಣೆಯ ಬೆನ್ನಿಗೆ ರಕ್ತ ಸುಳಿಗಟ್ಟಿ ತಡೆದು ನಿಲ್ಲುವ ಕಡೆ, ಧಮನಿ ಕವಲೊಡೆಯುವ ಮೂಲೆಗಳಲ್ಲಿ, ಸಣ್ಣ ನಾಳಗಳಲ್ಲಿ ಅದು ಎಣಿಕೆಗೆ ಬರುತ್ತದೆ. ಗೋಡೆಯನ್ನು ಸವರಿಕೊಂಡು ಹೋಗುವ ಹರಿವು ಮಂದವಾಗಿರುವ ಜಾಗಗಳಲ್ಲಿಯೇ ಕೊಬ್ಬು ಶೇಖರವಾಗುತ್ತದೆಂದು ಇಂಗ್ಲೆಂಡಿನ ಕಾಲಿನ್ ಕ್ಯಾರೊ ಮತ್ತು ಸಂಗಡಿಗರು 1969ರಲ್ಲಿಯೇ ವಾದಿಸಿದ್ದರು. ಇದರ ಜೊತೆಗೆ ನಮ್ಮದೇ ಆದ ಒಂದು ಕಾರಣವೂ ಇದೆ. ಪಠ್ಯಪುಸ್ತಕದ ಮಾದರಿಗಳು ಕೆಂಪು ಕಣಗಳ ಪಾಲನ್ನು ಶೇ 45 ಎಂದು ಹಿಡಿಯುವುದು ವಾಡಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಹಿಮೊಗ್ಲೋಬಿನ್ 9 ಗ್ರಾಂ ಇರುವವಳ ರಕ್ತದಲ್ಲಿ ಕಣಗಳ ಪಾಲು ಸ್ಥೂಲವಾಗಿ ಶೇ 27. ಆಕೆಯ ರಕ್ತ ಪುಸ್ತಕದ ರಕ್ತಕ್ಕಿಂತ ತೆಳು, ಅದು ಹೊರುವ ಆಮ್ಲಜನಕವೂ ಕಡಿಮೆ, ಆದ್ದರಿಂದ ಹೃದಯ ಹೆಚ್ಚು ರಕ್ತವನ್ನು ಬೇಡುತ್ತದೆ. ಬೇರೆ ದೇಶದ ರೋಗಿಗಳ ಮೇಲೆ ಒರೆಗೆ ಹಚ್ಚಿದ ಲೆಕ್ಕ ತುರುವೇಕೆರೆಯ ಕೂಲಿ ಹೆಂಗಸಿಗೆ ಹಾಗೆಯೇ ಹೊಂದುತ್ತದೆಯೇ ಎಂಬುದನ್ನು ನಾವೇ ಅಳೆದು ನೋಡಬೇಕು.

ಇನ್ನು ಹಣದ ಮಾತು. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸಿದಾಗ ಔಷಧ ಲೇಪಿತ ಸ್ಟೆಂಟಿನ ಬೆಲೆ ₹29,600 ಆಯಿತು. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ ₹6,785. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿದ ನಾಲ್ಕು ಕ್ವಿಂಟಲಿಗೂ ಹೆಚ್ಚು ಕೊಬ್ಬರಿ ಒಂದು ಸ್ಟೆಂಟಿಗೆ ಸಮ, ಆಸ್ಪತ್ರೆಯ ಉಳಿದ ವೆಚ್ಚ ಬೇರೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡವರ ಪರವಾಗಿ ಈ ವೆಚ್ಚವನ್ನು ಭರಿಸುತ್ತಿದೆ, ಅದು ಆಗಬೇಕಾದದ್ದೇ. ಆದರೆ ರಾಜ್ಯದ ಬೊಕ್ಕಸ ಒಂದು ಕೈಯಿಂದ ಸ್ಟೆಂಟಿಗೂ, ಇನ್ನೊಂದು ಕೈಯಿಂದ ಧಮನಿಯ ಹರಿವನ್ನು ಲೆಕ್ಕ ಹಾಕುವ ಸಂಶೋಧಕರಿಗೂ ಹಣ ಕೊಡುತ್ತಿದ್ದು, ಈ ಎರಡು ಕೈಗಳು ಎಂದೂ ಭೇಟಿಯಾಗಿಲ್ಲವೆಂದರೆ ಅದು ಆಡಳಿತದ ಲೋಪ. ಗಣಿತಜ್ಞರೊಬ್ಬರನ್ನೇ ಅಥವಾ ವೈದ್ಯರೊಬ್ಬರನ್ನೇ ದೂರಿ ಫಲವಿಲ್ಲ. ಗಣಿತದ ಪ್ರಾಧ್ಯಾಪಕರಿಗೆ ಬಡ್ತಿ ಸಿಗುವುದು ಪ್ರಕಟಣೆಗಳ ಸಂಖ್ಯೆಯಿಂದ, ಆಸ್ಪತ್ರೆಗೆ ಅಲೆದದ್ದರಿಂದಲ್ಲ. ದಿನಕ್ಕೆ ನೂರಾರು ಹೊರರೋಗಿಗಳನ್ನು ನೋಡುವ ಹೃದ್ರೋಗ ತಜ್ಞರಿಗೆ ಸಮೀಕರಣ ಕೇಳುವ ವ್ಯವಧಾನವಿಲ್ಲ.

ಎರಡು ಆಕ್ಷೇಪಗಳು ಬರುವುದು ಖಚಿತ. ಎದೆನೋವು ಬಂದ ರೈತನಿಗೆ ಬೇಕಾಗಿರುವುದು ಗಣಿತವಲ್ಲ, ಹತ್ತಿರದ ಆಸ್ಪತ್ರೆ ಎಂಬುದು ಮೊದಲನೆಯದು. ನಿಜ. ತೀವ್ರ ಹೃದಯಾಘಾತದಲ್ಲಿ ನಿಮಿಷಗಳೇ ಮುಖ್ಯ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಒಂದು ರೂಪಾಯಿಯನ್ನೂ ಇತ್ತ ತಿರುಗಿಸಬೇಕೆಂದು ನಾನು ಹೇಳಲಾರೆ. ನನ್ನ ಮಾತು ಆಘಾತವಾಗದೆ, ನಡೆದಾಡಿಕೊಂಡು ಬಂದು, ಶೇಕಡಾವಾರು ಕೇಳಿ ಹೆದರಿ ಹೋಗುವ ರೋಗಿಯ ಕುರಿತದ್ದು. ಇಂತಹ ಸ್ಥಿರ ರೋಗಿಗಳಲ್ಲಿ ಸ್ಟೆಂಟ್ ಅಥವಾ ಬೈಪಾಸ್, ಉತ್ತಮ ಔಷಧೋಪಚಾರಕ್ಕಿಂತ ಸಾವನ್ನು ತಗ್ಗಿಸಿದ್ದು ಕಂಡುಬಂದಿಲ್ಲವೆಂದು 5,179 ಮಂದಿಯ ಮೇಲೆ ನಡೆದ ‘ಇಸ್ಕೀಮಿಯ’ ಅಧ್ಯಯನ 2020ರಲ್ಲಿ ತಿಳಿಸಿದೆ. ನಿರ್ಧಾರಕ್ಕೆ ಅವಸರವಿಲ್ಲದ ಕಡೆ ಅಳೆಯಲು ಪುರುಸೊತ್ತಿದೆ. ರೋಗಿಗಳ ಮಾಹಿತಿ ಸೋರಿಕೆಯಾದೀತೆಂಬುದು ಎರಡನೆಯ ಆಕ್ಷೇಪ. ಹೆಸರು, ವಿಳಾಸ ಅಳಿಸಿ, ಒಪ್ಪಿಗೆ ಪಡೆದು, ನೈತಿಕ ಸಮಿತಿಯ ಮೂಲಕ ಮಾಹಿತಿ ಕೊಡುವ ಕ್ರಮ ವೈದ್ಯಕೀಯ ಸಂಶೋಧನೆಯಲ್ಲಿ ಹಳೆಯದೇ.

ತೆಂಗಿನ ಸೀಮೆಯವನು ಹೃದಯದ ಬಗ್ಗೆ ಬರೆದು ಕೊಬ್ಬರಿ ಎಣ್ಣೆಯನ್ನು ಬಿಟ್ಟನೆಂದು ಯಾರೂ ಆಡಿಕೊಳ್ಳಬಾರದು. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆಂದು ಅಮೆರಿಕದ ಹೃದಯ ಸಂಘ 2017ರಲ್ಲಿ ಎಚ್ಚರಿಸಿತು. ಎಣ್ಣೆಯನ್ನು ಮಿತಿಯಲ್ಲಿಡುವುದು ಒಳ್ಳೆಯದೇ, ಚಟ್ನಿಗೆ ಹಾಕುವ ಒಂದು ಹೋಳು ಕಾಯಿಗೆ ನಾನು ಹೆದರಿಲ್ಲ.

ಆರಂಭಕ್ಕೆ ದೊಡ್ಡ ಕೇಂದ್ರ, ಹೊಸ ಕಟ್ಟಡ, ಶಂಕುಸ್ಥಾಪನೆ ಬೇಡ. ಸರ್ಕಾರಿ ಹೃದ್ರೋಗ ಆಸ್ಪತ್ರೆಯೊಂದರಲ್ಲಿ ಸಿ.ಟಿ. ಸ್ಕ್ಯಾನ್ ಆಗಿ, ಒತ್ತಡದ ತಂತಿಯಿಂದಲೂ ಅಳತೆಯಾಗಿರುವ ನೂರು ರೋಗಿಗಳ ದಾಖಲೆಗಳು ಸಾಕು. ಆಸ್ಪತ್ರೆಯ ಒಬ್ಬ ತಜ್ಞರು, ವಿಶ್ವವಿದ್ಯಾಲಯದ ಒಬ್ಬ ಗಣಿತ ಪ್ರಾಧ್ಯಾಪಕರು ಜಂಟಿ ಮಾರ್ಗದರ್ಶಕರಾಗಿ ಇಬ್ಬರು ಪಿಎಚ್.ಡಿ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲಿ. ಅಂತಹ ಪ್ರಬಂಧಕ್ಕೆ ಬಡ್ತಿಯ ಅಂಕಗಳಲ್ಲಿ ಹತ್ತು ಪ್ರಕಟಣೆಗಳ ಬೆಲೆ ಸಿಗುವಂತೆ ಉನ್ನತ ಶಿಕ್ಷಣ ಇಲಾಖೆ ನಿಯಮ ಮಾಡಲಿ. ತಂತಿಯ ಅಳತೆಯನ್ನು ಮುಚ್ಚಿಟ್ಟು, ಪ್ರತಿ ರೋಗಿಗೂ ಎರಡು ಬಾರಿ ಲೆಕ್ಕ ಹಾಕಬೇಕು: ಒಮ್ಮೆ ರಕ್ತವನ್ನು ನ್ಯೂಟನೀಯವೆಂದು ಹಿಡಿದು, ಇನ್ನೊಮ್ಮೆ ಕ್ಯಾಸನ್ ಸೂತ್ರದಂತೆ, ಆಯಾ ರೋಗಿಯ ಕೆಂಪು ಕಣಗಳ ಪಾಲನ್ನೇ ಬಳಸಿ. ಆಮೇಲೆ ತಂತಿಯ ಅಳತೆಯನ್ನು ತೆರೆದು, 0.80ರ ಗೆರೆಯ ಯಾವ ಬದಿಗೆ ಎಷ್ಟು ಮಂದಿ ಬಿದ್ದರೆಂದು ನೋಡಬೇಕು. ಎರಡೂ ಲೆಕ್ಕಗಳು ಒಂದೇ ಉತ್ತರ ಕೊಟ್ಟರೆ ಕ್ಯಾಸನ್ನನಿಗೆ ಕೈಮುಗಿದು ಸರಳ ಸೂತ್ರವನ್ನೇ ಇಟ್ಟುಕೊಳ್ಳಬಹುದು. ರಕ್ತಹೀನತೆಯಿರುವ ಮಹಿಳೆಯರಲ್ಲಿ ಉತ್ತರ ಬದಲಾದರೆ ಅದು ಹೊರದೇಶದವರಿಗೂ ಹೊಸ ಸಂಗತಿಯಾದೀತು. ಇದಕ್ಕಾಗಿ ಹೊಸದಾಗಿ ರಕ್ತ ತೆಗೆಯುವ ಅಗತ್ಯವೂ ಇಲ್ಲ, ಹಿಮೊಗ್ಲೋಬಿನ್ನಿನ ಅಂಕಿ ಪ್ರತಿಯೊಬ್ಬ ರೋಗಿಯ ಕಡತದಲ್ಲಿ ಆಗಲೇ ಇರುತ್ತದೆ.